ಮುಂಬೈಯಲ್ಲಿ ಖಾಸಗಿ ತನಿಖೆಯ ಕೆಲಸ: ಹೊಸದಾಗಿ ಕೈಹಾಕುವವರಿಗೆ

ಖಾಸಗಿ ತನಿಖೆಗಾರರು ಗಿರಾಕಿಯ ಕೈಗೆ ಕೊನೆಯಲ್ಲಿ ಕೊಡುವುದು ಒಂದು ವರದಿಯನ್ನು ಮಾತ್ರ. ಅದನ್ನು ಮೊದಲು ಓದುವವರು ಹಣ ಕೊಟ್ಟವರೇ ಆದರೂ, ಸಾಲುಸಾಲಾಗಿ ಕೆದಕಿ ಓದುವವರು ಮುಂದೊಂದು ದಿನ ನ್ಯಾಯಾಲಯದಲ್ಲಿ ಎದುರು ನಿಲ್ಲುವ ವಕೀಲರು. ‘ಇದನ್ನು ನೀವು ಕಣ್ಣಾರೆ ಕಂಡಿರಾ, ಯಾರಿಂದಲಾದರೂ ಕೇಳಿದಿರಾ, ಇಲ್ಲವೇ ಊಹಿಸಿದಿರಾ?’ ಎಂಬ ಪ್ರಶ್ನೆಗೆ ವರದಿಯ ಪ್ರತಿಯೊಂದು ವಾಕ್ಯವೂ ಉತ್ತರ ಕೊಡುವಂತಿರಬೇಕು. ಯಾವ ಕೇಸನ್ನು ಒಪ್ಪಬೇಕು, ಎಲ್ಲಿ ನಿಂತು ಕಾಯಬೇಕು, ಯಾರನ್ನು ಮಾತನಾಡಿಸಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ದಿನನಿತ್ಯದ ನಿರ್ಧಾರಗಳೆಲ್ಲ ಆ ಒಂದು ಪ್ರಶ್ನೆಯಿಂದಲೇ ತೀರ್ಮಾನವಾಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಈ ವೃತ್ತಿಗೆ ಬರಬೇಕೆಂದಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉಡುಪಿ, ಕುಂದಾಪುರ, ಹುಬ್ಬಳ್ಳಿ, ವಿಜಯಪುರಗಳಲ್ಲಿ ಕುಳಿತು ಮಗಳಿಗೆ ಮುಂಬೈಯ ಸಂಬಂಧ ನೋಡುತ್ತಿರುವ ತಂದೆತಾಯಿ, ಗಲ್ಲಾದ ಲೆಕ್ಕ ತಾಳೆಯಾಗದ ಹೋಟೆಲ್ ಮಾಲೀಕರು, ಕೆಲಸಕ್ಕೆಂದು ಬಂದು ಸಂಪರ್ಕ ಕಡಿದುಕೊಂಡ ಮಗನನ್ನು ಹುಡುಕುವವರು, ವಿಚ್ಛೇದನದ ಹೊಸ್ತಿಲಲ್ಲಿ ನಿಂತ ಗಂಡ ಅಥವಾ ಹೆಂಡತಿ, ಇವರೆಲ್ಲ ತಮ್ಮ ಮಾತು ತಿಳಿಯುವವರನ್ನೇ ಅರಸಿ ಬರುತ್ತಾರೆ. ಇವರ ಜೊತೆಗೆ ವಿಮಾ ಕಂಪನಿಗಳ ಕೆಲಸವೂ ಇದೆ. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಮೇಲೆ ಜೀವವಿಮಾ ಪಾಲಿಸಿಯನ್ನು ಪ್ರಶ್ನಿಸಲು ಬರುವುದಿಲ್ಲ. ಹೀಗಾಗಿ ಆ ಅವಧಿಯೊಳಗೆ ಬರುವ ಮರಣ ಕ್ಲೇಮುಗಳನ್ನು ಕಂಪನಿಗಳು ಹೊರಗಿನ ತನಿಖೆಗಾರರಿಂದ ಪರಿಶೀಲಿಸುವುದು ರೂಢಿಯಲ್ಲಿದೆ.

ಭಾರತದಲ್ಲಿ ಪತ್ತೇದಾರರಿಗೆಂದೇ ಪರವಾನಗಿ ಕೊಡುವ ಕೇಂದ್ರ ಕಾಯ್ದೆಯಿಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿತವಾದ ಖಾಸಗಿ ಪತ್ತೇದಾರಿ ಸಂಸ್ಥೆಗಳ ನಿಯಂತ್ರಣ ಮಸೂದೆ ಕಾಯ್ದೆಯಾಗಲಿಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಕಾವಲುಗಾರರನ್ನು ಒದಗಿಸುವವರಿಗೆ ಸಂಬಂಧಿಸಿದ್ದು. ಆ ಪರವಾನಗಿಯನ್ನು ಗೋಡೆಗೆ ತೂಗುಹಾಕಿದರೆ ತನಿಖೆಯ ಅಧಿಕಾರ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಕಚೇರಿ ತೆರೆಯಲು ಜನ ಗುಮಾಸ್ತಾ ಎಂದು ಕರೆಯುವ ಅಂಗಡಿ ಮತ್ತು ಸಂಸ್ಥೆಗಳ ನೋಂದಣಿ ಬೇಕು. 2017ರ ಕಾಯ್ದೆಯಂತೆ ಕೆಲಸಗಾರರ ಸಂಖ್ಯೆ ಕಡಿಮೆಯಿದ್ದರೆ ಸೂಚನೆ ಸಲ್ಲಿಸಿದರೆ ಸಾಕು. ಹೀಗೆ ಬಾಗಿಲು ತೆರೆಯುವುದು ಸುಲಭ, ಆದರೆ ಒಳಗೆ ಕುಳಿತವರಿಗೆ ಸಾಮಾನ್ಯ ನಾಗರಿಕರಿಗಿಂತ ಎಳ್ಳಷ್ಟೂ ಹೆಚ್ಚಿನ ಅಧಿಕಾರವಿಲ್ಲ. ಯಾರನ್ನೂ ತಡೆದು ನಿಲ್ಲಿಸುವಂತಿಲ್ಲ, ಚೀಲ ತೆರೆಸುವಂತಿಲ್ಲ, ಉತ್ತರ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಗುರುತಿನ ಚೀಟಿಯ ಮೇಲೆ ಸಿಂಹಲಾಂಛನವನ್ನು ಅಚ್ಚು ಹಾಕಿಸಿಕೊಳ್ಳುವುದು 2005ರ ರಾಷ್ಟ್ರಲಾಂಛನ ಕಾಯ್ದೆಯಡಿ ಅಪರಾಧ. ಅಂಥ ಚೀಟಿ ಕೊಡುವ ಕಚೇರಿಯಲ್ಲಿ ಕೆಲಸಕ್ಕೆ ಸೇರಬೇಡಿ.

ಮೊದಲು ಒಂದು ಒಳ್ಳೆಯ ಸಂಸ್ಥೆಯಲ್ಲಿ ಸೇರಿ ವಿಳಾಸ ಪರಿಶೀಲನೆಯ ಕೆಲಸ ಮಾಡಿ. ಬ್ಯಾಂಕಿನ ಸಾಲಗಾರರು, ಹೊಸ ನೌಕರರು ಕೊಟ್ಟ ವಿಳಾಸದಲ್ಲಿ ನಿಜವಾಗಿ ಇದ್ದಾರೆಯೇ ಎಂದು ನೋಡಿಬರುವ ಈ ಕೆಲಸವನ್ನು ಹಲವರು ಕೀಳೆಂದು ಭಾವಿಸುತ್ತಾರೆ. ಆದರೆ ವಾಚ್‌ಮನ್‌ನನ್ನು ಮಾತನಾಡಿಸುವ ಬಗೆ, ಸೊಸೈಟಿಯ ಹೆಸರುಫಲಕ ಓದುವ ಬಗೆ, ಚಾಳಿನಲ್ಲಿ ಖೋಲಿ ಸಂಖ್ಯೆ ಹುಡುಕುವ ಬಗೆ, ಇವೆಲ್ಲ ಕಾಲಿಗೆ ಹತ್ತುವುದು ಅಲ್ಲಿಯೇ.

ಕೇಸು ಒಪ್ಪುವ ಮೊದಲು

ಗಿರಾಕಿ ಬಂದು ಕುಳಿತಾಗ ‘ಯಾರನ್ನು ನೋಡಬೇಕು’ ಎಂದು ಕೇಳುವುದಕ್ಕಿಂತ ಮೊದಲು ‘ತಿಳಿದ ಮೇಲೆ ನೀವು ಏನು ಮಾಡುವಿರಿ’ ಎಂದು ಕೇಳಬೇಕು. ಮದುವೆಯ ಮಾತುಕತೆ ಮುಂದುವರಿಸುತ್ತೇವೆ, ವಕೀಲರಿಗೆ ಕೊಡುತ್ತೇವೆ, ಪೊಲೀಸ್ ದೂರು ಕೊಡುತ್ತೇವೆ ಎಂಬ ಉತ್ತರಗಳು ಸ್ಪಷ್ಟವಾದವು. ‘ನನಗೆ ಗೊತ್ತಾಗಬೇಕು ಅಷ್ಟೇ’ ಎನ್ನುವವರನ್ನು ಇನ್ನಷ್ಟು ಮಾತನಾಡಿಸಬೇಕು. ಗಿರಾಕಿಯ ಗುರುತಿನ ದಾಖಲೆ, ವಿಳಾಸ, ಹುಡುಕಬೇಕಾದ ವ್ಯಕ್ತಿಯೊಂದಿಗಿನ ಸಂಬಂಧಕ್ಕೆ ಆಧಾರ, ಈ ಮೂರನ್ನೂ ಪಡೆಯದೆ ಒಂದು ಹೆಜ್ಜೆಯನ್ನೂ ಇಡಬಾರದು. ಗಂಡನೆಂದು ಹೇಳಿಕೊಂಡು ಬರುವವರು ಗಂಡನೇ ಆಗಿರಬೇಕೆಂದಿಲ್ಲ. ಒಲ್ಲೆನೆಂದ ಹೆಣ್ಣಿನ ಹೊಸ ವಿಳಾಸ ಹುಡುಕಲು ನಮ್ಮನ್ನು ಬಳಸಿಕೊಳ್ಳುವವರೂ ಬರುತ್ತಾರೆ.

ಇದರಲ್ಲಿ ಅತ್ಯಂತ ಕಷ್ಟದ್ದು ಮನೆ ಬಿಟ್ಟು ಬಂದವರನ್ನು ಹುಡುಕುವ ಕೇಸು. ಕಾಣೆಯಾದವರು ಹದಿನೆಂಟು ತುಂಬದವರಾದರೆ ಮೊದಲು ಪೊಲೀಸ್ ಠಾಣೆ, ಆಮೇಲೆ ನಾವು. ಠಾಣೆಯಲ್ಲಿ ದೂರು ದಾಖಲಾಗುವ ಮೊದಲು ಹಣ ಪಡೆದು ಒಂದು ದಿನ ಕಳೆಯುವುದು ಆ ಮಗುವಿಗೆ ಮಾಡುವ ಅನ್ಯಾಯ. ಆದರೆ ಮಗಳು ವಯಸ್ಕಳಾಗಿದ್ದು, ಮನೆಯವರು ಒಪ್ಪದ ಜಾತಿಯ ಹುಡುಗನೊಂದಿಗೆ ಕಲಬುರಗಿಯಿಂದಲೋ ಬೆಳಗಾವಿಯಿಂದಲೋ ಮುಂಬೈಗೆ ಬಂದಿದ್ದರೆ ಏನು ಮಾಡಬೇಕು? ಇಬ್ಬರು ವಯಸ್ಕರು ತಾವಾಗಿ ಒಪ್ಪಿ ಮದುವೆಯಾಗುವಾಗ ಮನೆಯವರ ಅಥವಾ ಜಾತಿಪಂಚಾಯತಿಯ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಇಂಥ ಕೇಸನ್ನು ಒಪ್ಪುವುದಾದರೆ ಕರಾರಿನಲ್ಲಿಯೇ ಒಂದು ಷರತ್ತು ಬರೆಯಿಸಿ: ವ್ಯಕ್ತಿ ಸಿಕ್ಕಿದರೆ ಅವರು ಕ್ಷೇಮವಾಗಿದ್ದಾರೆಂಬುದನ್ನು ಮಾತ್ರ ತಿಳಿಸಲಾಗುವುದು, ವಿಳಾಸವನ್ನು ಅವರ ಒಪ್ಪಿಗೆಯಿಲ್ಲದೆ ಕೊಡಲಾಗುವುದಿಲ್ಲ. ಆ ಷರತ್ತು ಓದಿ ಎದ್ದುಹೋಗುವವರನ್ನು ತಡೆಯಬೇಡಿ. ಸಹಿ ಹಾಕಿ, ಮಗಳು ಕ್ಷೇಮವೆಂಬ ಮಾತು ಕೇಳಿ ಕಣ್ಣೊರೆಸಿಕೊಳ್ಳುವ ತಾಯಂದಿರೂ ಇದ್ದಾರೆ. ಅವರಿಗಾಗಿ ಈ ಕೆಲಸ ಮಾಡಬೇಕು.

ಕಾಗದಪತ್ರಗಳಲ್ಲಿ ಸಿಗುವುದು

ಬೀದಿಗಿಳಿಯುವ ಮೊದಲು, ಸಾರ್ವಜನಿಕವಾಗಿ ಸಿಗುವ ದಾಖಲೆಗಳನ್ನೆಲ್ಲ ನೋಡಿ ಮುಗಿಸಬೇಕು. ಕರ್ನಾಟಕದಲ್ಲಿ ಪಹಣಿ ನೋಡಿ ರೂಢಿಯಾದವರಿಗೆ ಮಹಾರಾಷ್ಟ್ರದ ಸಾತ್‌ಬಾರಾ ಉತಾರ ಬೇಗ ಅರ್ಥವಾಗುತ್ತದೆ. ಕೃಷಿ ಭೂಮಿಗೆ ಅದು, ನಗರದ ನಿವೇಶನಕ್ಕೆ ಪ್ರಾಪರ್ಟಿ ಕಾರ್ಡು, ಫ್ಲ್ಯಾಟಿನ ಖರೀದಿಗೆ ನೋಂದಣಿ ಇಲಾಖೆಯ ‘ಇಂಡೆಕ್ಸ್ ಎರಡು’ ಎಂಬ ನೋಂದಣಿ ಸಾರಾಂಶ. ಕಟ್ಟಡ ಇನ್ನೂ ಏಳುತ್ತಿದ್ದರೆ ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣ. ಕಂಪನಿಯ ನಿರ್ದೇಶಕನೆಂದು ಹೇಳಿಕೊಂಡವರ ಹೆಸರು ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಇದೆಯೇ, ಅಂಗಡಿಯ ಜಿಎಸ್‌ಟಿ ಸಂಖ್ಯೆ ಚಾಲ್ತಿಯಲ್ಲಿದೆಯೇ, ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಕಾರರಾಗಿ ಹೆಸರು ಬಂದಿದೆಯೇ ಎಂಬುದನ್ನು ಕಚೇರಿಯಲ್ಲಿ ಕುಳಿತೇ ನೋಡಬಹುದು. ಇ-ಕೋರ್ಟ್ಸ್‌ನಲ್ಲಿ ಏನೂ ಸಿಗದಿದ್ದರೆ ಮೊಕದ್ದಮೆಯೇ ಇಲ್ಲವೆಂದು ಬರೆಯಬಾರದು. ‘ಇಂಥ ದಿನ, ಇಂಥ ಕಾಗುಣಿತಗಳಲ್ಲಿ, ಇಂಥ ವರ್ಷಗಳಿಗೆ ಹುಡುಕಿದಾಗ ಸಿಗಲಿಲ್ಲ’ ಎಂದಷ್ಟೇ ಬರೆಯಬೇಕು.

ಕಾಗುಣಿತದ ವಿಷಯದಲ್ಲಿ ಕನ್ನಡಿಗರ ಹೆಸರುಗಳಿಗೆ ವಿಶೇಷ ಗಮನ ಬೇಕು. ಮಹಾರಾಷ್ಟ್ರದ ದಾಖಲೆಗಳಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು ಎಂಬ ಕ್ರಮವಿರುತ್ತದೆ. ಹಳೆ ಮೈಸೂರು ಕಡೆಯವರು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಇಟ್ಟುಕೊಂಡಿರುತ್ತಾರೆ. ಮುಂಬೈಗೆ ಬಂದು ಒಂದು ದಾಖಲೆಯಲ್ಲಿ ಮೊದಲಕ್ಷರವನ್ನು ಬಿಡಿಸಿ ಬರೆದು, ಇನ್ನೊಂದರಲ್ಲಿ ಹಾಗೆಯೇ ಉಳಿಸಿಕೊಂಡಿರುತ್ತಾರೆ. ಶೆಟ್ಟಿ, ಪೂಜಾರಿ ಎಂಬ ಅಡ್ಡಹೆಸರಿನಿಂದ ಹುಡುಕಿದರೆ ಬರುವ ಪಟ್ಟಿಗೆ ಕೊನೆಯಿಲ್ಲ. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ರೂಢಿಯಿದ್ದ ಮನೆತನಗಳಲ್ಲಿ ತಂದೆಯ ಅಡ್ಡಹೆಸರೇ ಬೇರೆ, ಮಗನದೇ ಬೇರೆ ಆಗಿರುವುದೂ ಉಂಟು. ಇದು ತಿಳಿಯದವರು ಇಬ್ಬರಿಗೂ ಸಂಬಂಧವೇ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಹೆಸರೊಂದೇ ಹೊಂದಿದರೆ ಅದು ಗುರುತಲ್ಲ. ಹೆಸರಿನ ಜೊತೆಗೆ ವಯಸ್ಸು, ವಿಳಾಸ, ತಂದೆಯ ಹೆಸರುಗಳಲ್ಲಿ ಕನಿಷ್ಠ ಎರಡಾದರೂ ಹೊಂದುವವರೆಗೆ, ಯಾರದೋ ಮೊಕದ್ದಮೆಯನ್ನು ಇನ್ಯಾರದೋ ತಲೆಗೆ ಕಟ್ಟುವ ಅಪಾಯ ಇದ್ದೇ ಇರುತ್ತದೆ, ಮತ್ತು ಮದುವೆಯ ವಿಚಾರಣೆಯಲ್ಲಿ ಅಂಥ ಒಂದು ತಪ್ಪು ಸಾಲು ಒಬ್ಬ ಹುಡುಗನ ಬದುಕನ್ನೇ ಕೆಡಿಸಬಲ್ಲದು.

ಮದುವೆಯ ವಿಚಾರಣೆಗಳಲ್ಲಿ ಕನ್ನಡ ಗೊತ್ತಿರುವುದು ಅನುಕೂಲವೂ ಹೌದು, ತೊಡಕೂ ಹೌದು. ಮಾಟುಂಗದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಊರೂರಿನ ಭಜನಾ ಮಂಡಳಿ, ಯಕ್ಷಗಾನದ ಸಭೆ, ಇವುಗಳಲ್ಲೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಬೆಳಿಗ್ಗೆ ಮಾಟುಂಗದಲ್ಲಿ ‘ಆ ಹುಡುಗ ಹೇಗೆ?’ ಎಂದು ಕೇಳಿದರೆ ಸಂಜೆಯೊಳಗೆ ಪ್ರಶ್ನೆ ಡೊಂಬಿವಲಿಯ ಹುಡುಗನ ಮನೆಗೆ ತಲುಪಿರುತ್ತದೆ, ಅದೂ ಪ್ರಶ್ನೆಯಾಗಿ ಅಲ್ಲ, ಆರೋಪವಾಗಿ. ಆದ್ದರಿಂದ ಸಮುದಾಯದ ಒಳಗೆ ವಿಚಾರಿಸುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು. ಮೊದಲು ದಾಖಲೆ, ಆಮೇಲೆ ಮನೆಯ ಸುತ್ತಲಿನ ಇಸ್ತ್ರಿಯವರು, ಕಿರಾಣಿ ಅಂಗಡಿಯವರು, ಹಾಲಿನವರು. ಇವರಲ್ಲಿ ಕೇಳುವ ಪ್ರಶ್ನೆ ಹುಡುಗನ ಗುಣದ ಬಗ್ಗೆ ಇರಬಾರದು. ಆ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ, ಎಷ್ಟು ವರ್ಷಗಳಿಂದ ಇದ್ದಾರೆ, ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂಬಷ್ಟೇ ಇರಬೇಕು. ‘ಗುಣ ಒಳ್ಳೆಯದಲ್ಲ’ ಎಂದು ನೆರೆಯವರು ಹೇಳಿದರೆ ಅದನ್ನು ಹಾಗೆಯೇ ಬರೆಯದೆ, ಪಾರ್ಕಿಂಗಿನದೋ ನೀರಿನದೋ ಜಗಳ ಆ ಎರಡು ಮನೆಗಳ ನಡುವೆ ಇದೆಯೇ ಎಂದು ನೋಡಬೇಕು.

ರಸ್ತೆಯಲ್ಲಿ, ರೈಲಿನಲ್ಲಿ

ನಿಗಾ ಇಡುವುದೆಂದರೆ ಹೆಚ್ಚಿನ ಪಾಲು ಕಾಯುವುದೇ. ಕೆಲಸಕ್ಕೆ ಹಿಂದಿನ ದಿನ ಅದೇ ಹೊತ್ತಿಗೆ ಆ ಜಾಗಕ್ಕೆ ಹೋಗಿ ಕಟ್ಟಡಕ್ಕೆ ಎಷ್ಟು ಗೇಟುಗಳಿವೆ, ಯಾವುದು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ನೆಲಮಾಳಿಗೆಯ ಪಾರ್ಕಿಂಗಿನಿಂದ ವಾಹನಗಳು ಯಾವ ರಸ್ತೆಗೆ ಬರುತ್ತವೆ, ನಿಂತರೆ ಅನುಮಾನ ಬಾರದ ಚಹಾ ಅಂಗಡಿ ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂಬುದನ್ನೆಲ್ಲ ನೋಡಿಟ್ಟುಕೊಳ್ಳಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಇದು. ಎರಡು ಗೇಟುಗಳಿಗೆ ಇಬ್ಬರು ಬೇಕು, ಮತ್ತು ಅವರಲ್ಲಿ ಒಬ್ಬರು ಮಹಿಳೆಯಾಗಿದ್ದರೆ ಮುಂಬೈಯಲ್ಲಿ ಅರ್ಧ ಕೆಲಸ ಹಗುರವಾಗುತ್ತದೆ. ನೀವು ಅನುಸರಿಸುತ್ತಿರುವ ಮಹಿಳೆ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದರೆ ಗಂಡಸರ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಪ್ರತಿ ನಿಲ್ದಾಣದಲ್ಲೂ ಇಳಿದು ಇಣುಕುವವರು ಬೇಗ ಕಣ್ಣಿಗೆ ಬೀಳುತ್ತಾರೆ.

ಲೋಕಲ್ ರೈಲಿನ ನಿಯಮಗಳನ್ನು ಅರಿಯದವರು ಈ ಊರಿನಲ್ಲಿ ಯಾರನ್ನೂ ಅನುಸರಿಸಲಾರರು. ಪಶ್ಚಿಮ, ಮಧ್ಯ, ಹಾರ್ಬರ್ ಮೂರೂ ಮಾರ್ಗಗಳಿಗೆ ಹೊಂದುವ ಫಸ್ಟ್ ಕ್ಲಾಸ್ ಪಾಸು ಜೇಬಿನಲ್ಲಿರಲಿ. ವ್ಯಕ್ತಿ ಫಸ್ಟ್ ಕ್ಲಾಸ್ ಹತ್ತಿ, ನೀವು ಸೆಕೆಂಡ್ ಕ್ಲಾಸಿನಲ್ಲಿ ಸಿಲುಕಿಕೊಂಡರೆ ಇಳಿಯುವುದನ್ನು ಕಾಣುವುದೇ ಇಲ್ಲ. ಫಾಸ್ಟ್ ಮತ್ತು ಸ್ಲೋ ಗಾಡಿಗಳ ವ್ಯತ್ಯಾಸ, ಬಾಗಿಲು ಯಾವ ಬದಿಗೆ ಬರುತ್ತದೆ ಎಂಬ ತಿಳಿವಳಿಕೆ, ಇವು ಬಾಯಿಪಾಠವಾಗಿರಬೇಕು. ದಾದರ್‌ನಲ್ಲಿ ಪಶ್ಚಿಮ ಮತ್ತು ಮಧ್ಯ ಮಾರ್ಗಗಳನ್ನು ಜೋಡಿಸುವ ಸೇತುವೆಯ ಮೇಲೆ ಸಂಜೆ ಏಳರ ಹೊತ್ತಿಗೆ ಯಾರನ್ನು ಬೇಕಾದರೂ ಕಳೆದುಕೊಳ್ಳಬಹುದು, ಆದ್ದರಿಂದ ಅಲ್ಲಿ ಹಿಂದೆ ಹಿಂದೆ ಹೋಗುವುದಕ್ಕಿಂತ, ಒಬ್ಬರು ಸೇತುವೆಯ ಆಚೆ ಮೊದಲೇ ನಿಂತಿರುವುದು ಲೇಸು. ಘಾಟ್‌ಕೋಪರ್‌ನಲ್ಲಿ ರೈಲಿನಿಂದ ಮೆಟ್ರೊಗೆ ದಾಟುವವರ ವಿಷಯವೂ ಹಾಗೆಯೇ. ನೆಲದಡಿಯ ಮೂರನೆಯ ಮೆಟ್ರೊ ಮಾರ್ಗದಲ್ಲಿ ಮೊಬೈಲ್ ಸಿಗ್ನಲನ್ನು ನಂಬಿಕೊಳ್ಳದೆ, ಎಲ್ಲಿ ಸೇರಬೇಕೆಂಬುದನ್ನು ಜೊತೆಗಾರರೊಂದಿಗೆ ಮೊದಲೇ ಮಾತನಾಡಿಕೊಳ್ಳಿ.

ರಸ್ತೆಯಲ್ಲಿ ಇನ್ನೊಂದು ತೊಡಕಿದೆ. ಮಾಹಿಮ್ ಮತ್ತು ಸಾಯನ್ ದಾಟಿ ದಕ್ಷಿಣಕ್ಕೆ ಆಟೊರಿಕ್ಷಾಗಳಿಗೆ ಪ್ರವೇಶವಿಲ್ಲ. ಅಂಧೇರಿಯಿಂದ ಟ್ಯಾಕ್ಸಿಯಲ್ಲಿ ಹೊರಟವರನ್ನು ಆಟೊದಲ್ಲಿ ಹಿಂಬಾಲಿಸಿದರೆ ಬಾಂದ್ರಾ ದಾಟುತ್ತಲೇ ನಿಮ್ಮ ಕೆಲಸ ಮುಗಿಯುತ್ತದೆ. ಮೋಟಾರ್‌ಸೈಕಲ್ ಇವೆಲ್ಲಕ್ಕಿಂತ ಮೇಲು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಎಲ್ಲರೂ ರೈನ್‌ಕೋಟು ತೊಟ್ಟು ಒಂದೇ ಥರ ಕಾಣುವಾಗ, ಬಣ್ಣವನ್ನಲ್ಲ, ನಡಿಗೆಯನ್ನೂ ಚಪ್ಪಲಿಯನ್ನೂ ಗುರುತಿಟ್ಟುಕೊಳ್ಳಬೇಕು.

ಕಣ್ಣುತಪ್ಪಿದರೆ ಬಿಟ್ಟುಬಿಡಿ. ಓಡಿಹೋಗಿ ಹಿಡಿಯಲು ಯತ್ನಿಸಿ ಗುರುತಾದರೆ ಕೇಸು ಅಲ್ಲಿಗೆ ಕೊನೆಗೊಳ್ಳುತ್ತದೆ. ಬಿಟ್ಟರೆ ನಾಳೆ ಮತ್ತೆ ಅದೇ ಗೇಟಿನಲ್ಲಿ ಕಾಯಬಹುದು. ಎರಡು ಸಲ ಕಣ್ಣಿಗೆ ಕಣ್ಣು ಕೂಡಿದರೆ ಆ ದಿನ ನೀವು ಹಿಂದೆ ಸರಿದು ಜೊತೆಗಾರರಿಗೆ ಬಿಟ್ಟುಕೊಡಬೇಕು. ವಾಚ್‌ಮನ್ ಅನುಮಾನಗೊಂಡು ಪೊಲೀಸರನ್ನು ಕರೆದರೆ, ಬಂದವರಿಗೆ ಸಂಸ್ಥೆಯ ಗುರುತಿನ ಚೀಟಿ ತೋರಿಸಿ, ನಿಜವನ್ನೇ ಹೇಳಿ, ಸಂಸ್ಥೆಯ ಹಿರಿಯರಿಗೆ ಫೋನು ಮಾಡಿಸಿ. ಪೊಲೀಸರ ಮುಂದೆ ಕಥೆ ಕಟ್ಟುವುದು ಯಾವ ಕಾರಣಕ್ಕೂ ಬೇಡ.

ಹೋಟೆಲಿನ ಕೇಸುಗಳಲ್ಲಿ ಓಡಾಟ ಕಡಿಮೆ, ತಾಳ್ಮೆ ಹೆಚ್ಚು. ‘ಹುಡುಗ ನಮ್ಮೂರವನೇ ಮಾರಾಯ್ರೇ, ಗಲ್ಲಾದಲ್ಲಿ ಕೂರಿಸಿದ್ದೇ ನಾನು; ಸಂಶಯ ಪಟ್ಟೆನೆಂದು ಅವನಿಗೆ ಗೊತ್ತಾಗಬಾರದು’ ಎಂದು ಮಾಲೀಕರು ಹೇಳುತ್ತಾರೆ. ಆ ಕಳವಳವನ್ನು ಗೌರವಿಸಬೇಕು. ಬೇರೆ ಬೇರೆ ದಿನ, ಬೆಳಗಿನ ತಿಂಡಿಯ ಗದ್ದಲದಲ್ಲಿ ಮತ್ತು ರಾತ್ರಿ ಮುಚ್ಚುವ ಹೊತ್ತಿಗೆ, ಬೇರೆ ಬೇರೆಯವರು ಗಿರಾಕಿಗಳಾಗಿ ಹೋಗಿ ಕುಳಿತು, ಮೇಜಿನ ಸಂಖ್ಯೆ, ತಿಂದದ್ದು, ಕೊಟ್ಟ ಹಣ, ಬಿಲ್ಲು ಕೈಗೆ ಬಂತೋ ಇಲ್ಲವೋ ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ. ಮೊಬೈಲಿನಲ್ಲಿ ಹಣ ಕಳಿಸುವಾಗ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದೊಡನೆ ಹಣ ಪಡೆಯುವವರ ಹೆಸರು ತೆರೆಯ ಮೇಲೆ ಬರುತ್ತದೆ. ಅದು ಹೋಟೆಲಿನ ಖಾತೆಯ ಹೆಸರಲ್ಲದಿದ್ದರೆ ಅಲ್ಲೇ ಒಂದು ಸ್ಕ್ರೀನ್‌ಶಾಟ್ ತೆಗೆಯಬೇಕು. ವಾರಗಳ ಬಳಿಕ ಇದನ್ನೆಲ್ಲ ಬಿಲ್ಲಿಂಗ್ ಯಂತ್ರದ ದಿನದ ಲೆಕ್ಕದೊಂದಿಗೆ ಹೋಲಿಸುತ್ತೇವೆ. ಒಂದು ಬಿಲ್ಲು ಕಾಣದಿದ್ದರೆ ಅದು ಕಳವಲ್ಲ. ತರಕಾರಿಯವನಿಗೆ ಗಲ್ಲಾದಿಂದಲೇ ಹಣ ಕೊಟ್ಟು ಚೀಟಿ ಬರೆದಿಡದೆ ಇರಬಹುದು, ಮಾಲೀಕರ ತಮ್ಮನೇ ಬಂದು ಹಣ ಒಯ್ದಿರಬಹುದು. ಈ ಸಾಧ್ಯತೆಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ಮೇಲೆಯೇ ಮ್ಯಾನೇಜರನ ಹೆಸರು ವರದಿಯಲ್ಲಿ ಬರಬೇಕು.

ಮಾಡಬಾರದ್ದು

2018ರಲ್ಲಿ ಠಾಣೆ ಪೊಲೀಸರು ಮೊಬೈಲ್ ಕರೆಗಳ ವಿವರವನ್ನು, ಅಂದರೆ ಸಿಡಿಆರ್ ಅನ್ನು, ಹಣಕ್ಕೆ ಮಾರುತ್ತಿದ್ದ ಜಾಲವೊಂದನ್ನು ಭೇದಿಸಿದಾಗ ಬಂಧಿತರಲ್ಲಿ ಖಾಸಗಿ ಪತ್ತೇದಾರರೂ ಇದ್ದರು. ಇಂದಿಗೂ ಗಿರಾಕಿಗಳು ಮೊದಲು ಕೇಳುವುದು ಅದನ್ನೇ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮಿನ ಪ್ರಕಾರ ಅನಧಿಕೃತವಾಗಿ ಇಂಥ ದತ್ತಾಂಶ ಪಡೆಯುವುದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಕಂಪನಿಯಲ್ಲಿ ಪರಿಚಯದವರಿದ್ದಾರೆ’ ಎನ್ನುವ ದಲ್ಲಾಳಿಯ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಲೂಬಾರದು.

ಇನ್ನೊಬ್ಬರ ಫೋನಿನಲ್ಲಿ ಗುಪ್ತ ಆ್ಯಪ್ ಹಾಕುವುದು, ಬ್ಯಾಂಕಿನ ಸ್ಟೇಟ್‌ಮೆಂಟ್ ತರಿಸುವುದು, ಪಾಸ್‌ವರ್ಡ್ ಕದಿಯುವುದು ಇವೆಲ್ಲ ಅಪರಾಧಗಳು. ಗಿರಾಕಿಯಾದ ಗಂಡ ಅಥವಾ ಹೆಂಡತಿ ಒಪ್ಪಿದರು ಎಂಬ ಮಾತು ರಕ್ಷಣೆಯಾಗುವುದಿಲ್ಲ. ಪೊಲೀಸ್ ಅಥವಾ ಪಾಲಿಕೆಯ ನೌಕರನೆಂದು ಹೇಳಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿಗೆ ಬರುತ್ತದೆ. ಅದೇ ಸಂಹಿತೆಯ 78ನೇ ಕಲಮು ಮಹಿಳೆಯೊಬ್ಬರ ಇಂಟರ್‌ನೆಟ್ ಮತ್ತು ಇ-ಮೇಲ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದನ್ನೂ ಹಿಂಬಾಲಿಕೆಯ ಅಪರಾಧದಲ್ಲಿ ಸೇರಿಸಿದೆ. ಅಪರಾಧ ಪತ್ತೆಯ ಹೊಣೆಯನ್ನು ಸರ್ಕಾರ ಯಾರಿಗೆ ಒಪ್ಪಿಸಿದೆಯೋ ಅವರಿಗೆ ಅದರಲ್ಲಿ ವಿನಾಯಿತಿಯಿದೆ, ನಮಗೆ ಆ ಹೊಣೆಯನ್ನು ಯಾರೂ ಒಪ್ಪಿಸಿಲ್ಲ. ಬಹಿರಂಗ ಸ್ಥಳದಲ್ಲಿ ಎಲ್ಲರ ಕಣ್ಣಿಗೂ ಬೀಳುವಂಥದ್ದನ್ನು ನೋಡಿ ಬರೆಯುವುದು ನಮ್ಮ ಎಲ್ಲೆ. ಕಿಟಕಿಯ ಒಳಗಿನದು, ಹೋಟೆಲ್ ಕೋಣೆಯ ಒಳಗಿನದು ಆ ಎಲ್ಲೆಯ ಆಚೆಯದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕನ್ನಡಿಗರೊಬ್ಬರು ದೇಶಕ್ಕೆಲ್ಲ ಗಳಿಸಿಕೊಟ್ಟ ಹಕ್ಕು ಅದು. ನಾವು ನಿಗಾ ಇಡುವ ವ್ಯಕ್ತಿಗೂ ಅದು ಸೇರಿದೆ.

ವರದಿ

ಸಂಜೆ ಮನೆಗೆ ಹೋಗಿ ನೆನಪಿನಿಂದ ಬರೆಯುವುದು ವರದಿಯಾಗುವುದಿಲ್ಲ. ಕಂಡ ಗಳಿಗೆಯಲ್ಲೇ ಸಮಯ ಹಾಕಿ ಟಿಪ್ಪಣಿ ಮಾಡಬೇಕು. ಒಂದು ಟಿಪ್ಪಣಿ ಹೀಗಿರಬಹುದು:

ಸಂಜೆ 6.42: ‘ಅ’ ಅವರು ಕಚೇರಿಯ ಪೂರ್ವದ ಗೇಟಿನಿಂದ ಒಬ್ಬರೇ ಹೊರಬಂದರು. ಬೂದು ಬಣ್ಣದ ತುಂಬುತೋಳಿನ ಅಂಗಿ, ಕಪ್ಪು ಬೆನ್ನುಚೀಲ. 7.06: ಅಂಧೇರಿಯಲ್ಲಿ ಚರ್ಚ್‌ಗೇಟ್ ಫಾಸ್ಟ್ ಹತ್ತಿದರು. 7.27: ದಾದರ್‌ನಲ್ಲಿ ಇಳಿದರು. 7.29ರಿಂದ 7.41ರವರೆಗೆ ಜನಸಂದಣಿಯಲ್ಲಿ ಕಾಣಲಿಲ್ಲ. 7.41: ನಿಲ್ದಾಣದ ಪೂರ್ವ ಭಾಗದಲ್ಲಿ ಮತ್ತೆ ಕಂಡರು, ಜೊತೆಯಲ್ಲಿ ಸುಮಾರು ಮೂವತ್ತು ವಯಸ್ಸಿನ ಮಹಿಳೆಯೊಬ್ಬರಿದ್ದರು. ಇಬ್ಬರೂ ಉಪಾಹಾರ ಗೃಹವೊಂದನ್ನು ಪ್ರವೇಶಿಸಿದರು.

ಇದನ್ನೇ ‘ದಾದರ್‌ನಲ್ಲಿ ಪ್ರೇಯಸಿಯನ್ನು ಭೇಟಿಯಾದ’ ಎಂದು ಬರೆಯುವವರಿದ್ದಾರೆ. ಪ್ರೇಯಸಿ ಎಂಬುದು ಕಂಡದ್ದಲ್ಲ. ಆಕೆ ಸಹೋದ್ಯೋಗಿಯಿರಬಹುದು, ಚಿಕ್ಕಮ್ಮನ ಮಗಳಿರಬಹುದು. ಕಾಣದೆ ಹೋದ ಹನ್ನೆರಡು ನಿಮಿಷಗಳನ್ನು ಮುಚ್ಚಿಡಬೇಕೆಂಬ ಆಸೆಯೂ ಹುಟ್ಟುತ್ತದೆ, ಮುಚ್ಚಿಡಬಾರದು. ಆ ಅಂತರವನ್ನು ತಾನಾಗಿಯೇ ತೋರಿಸುವ ವರದಿಯನ್ನು ನ್ಯಾಯಾಲಯ ನಂಬುತ್ತದೆ, ಪಾಟೀಸವಾಲಿನಲ್ಲಿ ಎದುರು ವಕೀಲರು ಅದನ್ನು ಹೊರತೆಗೆದರೆ ಉಳಿದ ಸಾಲುಗಳ ಮೇಲೂ ಅಪನಂಬಿಕೆ ಬೀಳುತ್ತದೆ.

ಚಿತ್ರ ಮತ್ತು ವಿಡಿಯೊಗಳ ವಿಷಯದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮನ್ನು ಓದಿ ಮನನ ಮಾಡಿಕೊಳ್ಳಬೇಕು. ವಿದ್ಯುನ್ಮಾನ ದಾಖಲೆಯೊಂದಿಗೆ ಎರಡು ಭಾಗಗಳ ಪ್ರಮಾಣಪತ್ರ ಬೇಕು; ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬುತ್ತಾರೆ. ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಕಡತದ ಒಳಗಿನ ಒಂದೇ ಒಂದು ಬಿಂದು ಬದಲಾದರೂ ಬದಲಾಗುವ ಅಕ್ಷರ ಮತ್ತು ಅಂಕಿಗಳ ಸಾಲು ಅದು. ಆದ್ದರಿಂದ ಕೆಲಸಕ್ಕೆ ಹೊರಡುವ ಮೊದಲು ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ, ಅದೇ ರಾತ್ರಿ ಮೂಲ ಕಡತದ ಹ್ಯಾಶ್ ತೆಗೆದು ಬರೆದಿಡಿ, ಮೂಲ ಮೆಮರಿ ಕಾರ್ಡನ್ನು ಲಕೋಟೆಯಲ್ಲಿ ಹಾಕಿ ಸಹಿ ಮಾಡಿ ಮುಚ್ಚಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಸಾಧನದ ವಿವರ ಅಳಿದುಹೋಗುತ್ತದೆ. ಗಿರಾಕಿಯ ಆತುರಕ್ಕೆ ಪ್ರತಿ ಕಳಿಸಿದರೂ ಮೂಲಕ್ಕೆ ಕೈ ಹಚ್ಚಬಾರದು.

ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿರುವ ಕುಟುಂಬ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಸಂದರ್ಭ ಬಂದೇ ಬರುತ್ತದೆ. ಪರಸಂಗವು 2018ರ ಸೆಪ್ಟೆಂಬರ್ 27ರ ತೀರ್ಪಿನ ನಂತರ ಅಪರಾಧವಾಗಿ ಉಳಿದಿಲ್ಲ, ಆದರೆ ವಿಚ್ಛೇದನಕ್ಕೆ ಇಂದಿಗೂ ಆಧಾರವಾಗಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಮು ಸಾಕ್ಷ್ಯದ ವಿಷಯದಲ್ಲಿ ಆ ನ್ಯಾಯಾಲಯಕ್ಕೆ ಹೆಚ್ಚಿನ ಸಡಿಲಿಕೆ ಕೊಟ್ಟಿದೆ. ದಂಪತಿಗಳಲ್ಲಿ ಒಬ್ಬರು ಗುಟ್ಟಾಗಿ ಧ್ವನಿಮುದ್ರಿಸಿದ ಪರಸ್ಪರ ಮಾತುಕತೆಯನ್ನು ವೈವಾಹಿಕ ಮೊಕದ್ದಮೆಯಲ್ಲಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿತು. ಅದು ದಂಪತಿಗಳ ನಡುವಿನ ಮಾತಿಗೆ ಸಂಬಂಧಿಸಿದ್ದು, ಮೂರನೆಯವರಾದ ನಾವು ಇಬ್ಬರ ಮಾತನ್ನು ಕದ್ದು ಮುದ್ರಿಸಲು ಕೊಟ್ಟ ಅನುಮತಿಯಲ್ಲ. ಕಟಕಟೆಯಲ್ಲಿ ‘ನಿಮಗೆ ಎಷ್ಟು ಹಣ ಕೊಟ್ಟರು?’ ಎಂದು ಖಂಡಿತ ಕೇಳುತ್ತಾರೆ. ರಸೀದಿಯಲ್ಲಿರುವ ಮೊತ್ತವನ್ನು ನೇರವಾಗಿ ಹೇಳಿ ಸುಮ್ಮನಾಗಬೇಕು.

ಹಾಗೆ ಹೇಳಲು ಸಾಧ್ಯವಾಗಬೇಕಾದರೆ ರಸೀದಿ ಇರಬೇಕು. ಉದ್ದೇಶ, ಅವಧಿ, ದಿನದ ದರ, ಪ್ರತ್ಯೇಕ ಖರ್ಚುಗಳು ಎಲ್ಲವನ್ನೂ ಕರಾರಿನಲ್ಲಿ ಬರೆದು ಮುಂಗಡ ಪಡೆಯಿರಿ. ಫಲಿತಾಂಶದ ಮೇಲೆ ಶುಲ್ಕ ನಿಗದಿಪಡಿಸಿಕೊಂಡರೆ ಗಿರಾಕಿ ಬಯಸಿದ್ದನ್ನೇ ಕಾಣುವ ಒತ್ತಡ ಬೀಳುತ್ತದೆ, ಆದ್ದರಿಂದ ಅದನ್ನು ಒಪ್ಪಲೇಬಾರದು. ಏನೂ ಸಿಗದ ದಿನಗಳಿಗೂ ದರ ಒಂದೇ, ಮತ್ತು ‘ಏನೂ ಸಿಗಲಿಲ್ಲ’ ಎಂಬ ವರದಿಯನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆಯಬೇಕು. ವರ್ಷದ ವಹಿವಾಟು ಇಪ್ಪತ್ತು ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಿ.

ಕೇಸು ಮುಗಿದ ಮೇಲೆ ವರದಿಯನ್ನೂ ಮೂಲ ಕಡತಗಳನ್ನೂ ಗಿರಾಕಿಗೆ ಅಥವಾ ಅವರ ವಕೀಲರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ನಿಮ್ಮ ಬಳಿಯ ಪ್ರತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುವಿರಿ ಎಂಬುದನ್ನು ಕರಾರಿನಲ್ಲೇ ಹೇಳಿ, ಆ ಅವಧಿ ತೀರಿದೊಡನೆ ಸಹಾಯಕರ ಫೋನುಗಳಲ್ಲಿರುವ ಚಿತ್ರಗಳೂ ಸೇರಿದಂತೆ ಎಲ್ಲವನ್ನೂ ಅಳಿಸಿಹಾಕಿ. ಅದೇ ಗಿರಾಕಿ ಕೆಲವು ತಿಂಗಳುಗಳ ಬಳಿಕ ಫೋನು ಮಾಡಿ, ಆ ವ್ಯಕ್ತಿ ಈಗ ಎಲ್ಲಿದ್ದಾರೆಂದು ನೋಡಿ ಹೇಳಿ ಎಂದರೆ, ಅದು ಹೊಸ ಕೇಸು; ಗಿರಾಕಿಯನ್ನು ಮತ್ತೆ ಎದುರಿಗೆ ಕೂರಿಸಿಕೊಂಡು, ತಿಳಿದ ಮೇಲೆ ಏನು ಮಾಡುವಿರಿ ಎಂದು ಕೇಳಿ, ಹೊಸ ಕರಾರಿಗೆ ಸಹಿ ಹಾಕಿಸಿಕೊಂಡ ನಂತರವೇ ಹೊರಡಬೇಕು.